ಒಂದೂವರೆ ತಾಸಿನ ದುಬೈ

ವಿಜಯಪುರದ ಗಾಂಧಿ ಚೌಕದಲ್ಲಿ ಚಹಾ ಕುಡಿಯುತ್ತಿದ್ದೆ. ದುಬೈಯಿಂದ ರೇಣುಕಾ ಕಳಿಸಿದ ವಿಮಾನದ ಟಿಕೆಟ್ ಮೊಬೈಲಿಗೆ ಬಂದು ಬಿತ್ತು: ದುಬೈ ಬಿಡುವುದು ನಾಲ್ಕಕ್ಕೆ, ಮುಂಬೈ ಸೇರುವುದು ಎಂಟೂವರೆಗೆ. ಚಹಾ ನೆತ್ತಿಗೇರಿತು. ಯಾಕೆಂದು ಹೇಳುತ್ತೇನೆ, ನಕ್ಕರೆ ನಗಿ.

ರೇಣುಕಾಳ ಅವ್ವ ನನ್ನ ಸೋದರತ್ತೆ. ತಿಕೋಟಾದಲ್ಲಿ ಒಣದ್ರಾಕ್ಷಿ ಆರಿಸುವ ಹೆಂಗಸರ ಮೇಲೆ ಅವಳದೇ ದರ್ಬಾರು. ಗಾಡಿ ಹತ್ತಿದಳೆಂದರೆ ಮಾತ್ರ ಹೊಟ್ಟೆಯ ದರ್ಬಾರು. ನಮ್ಮ ಕಡೆ ದೂರವನ್ನು ಕಿಲೋಮೀಟರಿನಲ್ಲಿ ಯಾರು ಹೇಳುತ್ತಾರೆ? ತಾಸಿನಲ್ಲೇ ಎಲ್ಲ. ರೈಲಿನಲ್ಲಿ ಮಲಗಿ ಎಷ್ಟು ದೂರವಾದರೂ ಹೋಗುವ ಅತ್ತೆಗೆ ಕೂತು ಹೋಗುವ ಗಾಡಿಯ ಗಡಿ ಒಂದೂವರೆ ತಾಸು. ಅಂದರೆ ತಿಕೋಟಾದಿಂದ ವಿಜಯಪುರದ ಮೇಲೆ ಹಾದು ಬಬಲೇಶ್ವರ ಮುಟ್ಟುವಷ್ಟು. ಅದು ಮೀರಿದರೆ ಮೂಸುವ ನಿಂಬೆಹಣ್ಣೂ ಕೈಬಿಡುತ್ತದೆ.

ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಆದರೆ ರೇಣುಕಾಳಿಗೆ ಪ್ರಯಾಣ ಬೇಡವೆಂದರು ಡಾಕ್ಟರು. ತವರೇ ಎದ್ದು ದುಬೈಗೆ ಹೊರಡಬೇಕಾಯಿತು.

"ಕುಂತು ಹೋಗೂದು ಎಷ್ಟ ತಾಸಲೇ?" ಅತ್ತೆ ಕೇಳಿದಳು.

ಟಿಕೆಟ್ ನೋಡಿದೆ. ಮುಂಬೈ ಬಿಡುವುದು ನಾಲ್ಕು, ದುಬೈ ಸೇರುವುದು ಐದೂವರೆ. ಕಳೆಯುವ ಲೆಕ್ಕ ನನಗೂ ಬರುತ್ತದೆ! ಮೂಗು ಹಿಡಿದು ಪೈಲಟ್ಟಿನ ದನಿ ತೆಗೆದೆ: "ಮಾನ್ಯ ಪ್ರಯಾಣಿಕರೇ, ಕೇವಲ ಒಂದೂವರೆ ತಾಸು!"

"ಹಂಗಾರ ಬಬಲೇಶ್ವರದಷ್ಟ ಆತು. ಹೋಗ್ತೇನಿ ತಗೋ."

ದುಬೈಯ ಗಡಿಯಾರ ನಮ್ಮದಕ್ಕಿಂತ ಒಂದೂವರೆ ತಾಸು ಹಿಂದೆ ನಡೆಯುತ್ತದೆ. ಹಾದಿ ನಿಜವಾಗಿ ಮೂರು ತಾಸಿನದು. ಊರಿನ ಕಂಡಕ್ಟರುಗಳ ಕೆಮ್ಮನ್ನೂ ಬಿಡದೆ ಅನುಕರಿಸುವ ಈ ಪಂಡಿತನಿಗೆ ಇದು ಗೊತ್ತಿರಲಿಲ್ಲ.

ಇಳಿದ ಕೂಡಲೇ ಅತ್ತೆಯ ಫೋನು. "ಲೇ ಮಂಗ್ಯಾ! ಗಡಿಯಾರದಾಗ ಐದೂವರಿ ಆತು, ಚೀಲಾ ತಗೊಂಡು ಬಾಗಲದಾಗ ನಿಂತೆ. ಆ ವಿಮಾನದ ಹುಡಿಗಿ ಕೈ ಹಿಡದು ಕುಂದರಿಸಿದ್ಲು. ಇಳಸ ಬೇ ಅಂದ್ರ ಕೆಳಗ ಸಮುದ್ರ ತೋರಸ್ತಾಳ!"

"ಹೊಟ್ಟಿ ಹೆಂಗಿತ್ತ ಅತ್ತಿ?" ಕಂಡಕ್ಟರನ ದನಿಯಲ್ಲಿ ಕೇಳಿದೆ.

"ಉಳದ ದಾರಿ ಪೂರಾ ನಿನ್ನ ಬೈಯೂದ್ರಾಗ ಆತು. ಹೊಟ್ಟಿ ನೆಪ್ಪ ಯಾರಿಗಿತ್ತು?"

ನಾಲ್ಕನೆಯ ದಿನ ಮೊಮ್ಮಗ ಹುಟ್ಟಿದ. ನಾನು ಪಾರಾದೆ ಎಂದುಕೊಂಡೆ. ಈಗ ಎರಡು ತಿಂಗಳ ಮೇಲೆ, ಮರಳಿ ಬರುವ ಈ ಟಿಕೆಟ್.

ಚಹಾ ಅಲ್ಲೇ ಬಿಟ್ಟು ರೇಣುಕಾಳಿಗೆ ಫೋನು ಹಚ್ಚಿದೆ. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಅದನ್ನು ಕಸಿದುಕೊಂಡಳು. "ಹೋಗೂ ಮುಂದ ಒಂದೂವರಿ ಅಂದು ಮೂರ ತಾಸ ಕುಂದರಿಸಿದಿ. ಈಗ ಟಿಕೀಟಿನಾಗ ನಾಕೂವರಿ ತಾಸ ಐತಿ, ಅದರ ದುಪ್ಪಟ್ಟ ಅಂದ್ರ ಒಂಬತ್ತ ತಾಸು! ನಾ ಬರಾಂಗಿಲ್ಲ. ಇಲ್ಲೇ ಸಾಯ್ತೇನಿ."

ಪೈಲಟ್ಟು, ಕಂಡಕ್ಟರು, ಯಾರ ದನಿಯೂ ಬಾಯಿಗೆ ಬರಲಿಲ್ಲ. ಹುಟ್ಟಿನಿಂದ ಬಂದ ನನ್ನ ಸ್ವಂತ ದನಿ ಒಂದೇ ಉಳಿದಿತ್ತು. ಅದರಲ್ಲೇ ಮೆತ್ತಗೆ ಹೇಳಿದೆ: "ತಪ್ಪ ನಂದ ಐತಿ ಅತ್ತಿ. ಎರಡೂ ಊರಿನ ಗಡಿಯಾರ ಬ್ಯಾರೆ ಬ್ಯಾರೆ ಅದಾವ, ನನಗ ಗೊತ್ತಿರಲಿಲ್ಲ. ಹೋಗೂದೂ ಮೂರ ತಾಸು, ಬರೂದೂ ಮೂರ ತಾಸು. ಬಾ ಅತ್ತಿ."

"ಯಾರ್ರಿ ನೀವು?" ಎಂದಳು ಅತ್ತೆ. "ನಮ್ಮ ಹುಡುಗನ ಕೈಯಾಗ ಫೋನ್ ಕೊಡ್ರಿ. ಅಂವಾ ಹೇಳಿದ್ರ ಬರ್ತೇನಿ."