ಸೀಟ್ ಕವರ್ ನುಂಗಿದ ಬಕಲ್

ಫ್ರೆಂಡ್ಸ್, ಇವತ್ತು ಮಾಕಳಿಯಿಂದ ಕಾಲೇಜಿಗೆ ಹೊರಟ ಶೇರ್ ಕ್ಯಾಬಲ್ಲಿ ಹಿಂದೆ ಕೂತು ಸೀಟ್ ಬೆಲ್ಟ್ ಎಳೆದರೆ, ಸಿಕ್ಕಿಸೋಕೆ ಬಕಲ್ಲೇ ಇಲ್ಲ.

"ಹೊಸ ಸೀಟ್ ಕವರ್ ಕೆಳಗಿದೆ ಮೇಡಂ. ಚುಚ್ಚತ್ತೆ ಅಂತ ಎಲ್ರೂ ಕಂಪ್ಲೇಂಟ್ ಮಾಡ್ತಿದ್ರು," ಅಂದ್ರು ಡ್ರೈವರ್.

"ಆದ್ರೆ ಅಣ್ಣ, ಹಿಂದೆ ಕೂತೋರೂ ಹಾಕ್ಬೇಕು ಅಂತ ರೂಲ್ ಇದೆ."

"ಯಾಕೆ, ನನ್ ಡ್ರೈವಿಂಗ್ ಮೇಲೆ ನಂಬ್ಕೆ ಇಲ್ವಾ?"

ಪಕ್ಕದಲ್ಲಿದ್ದ ಅಕ್ಕ ರೇಗಿದ್ರು: "ಅಷ್ಟು ಭಯ ಇದ್ರೆ ಬಸ್ಸಲ್ಲಿ ಹೋಗಮ್ಮ, ನಮ್ಗೆ ಶಿಫ್ಟಿಗೆ ಲೇಟಾಗತ್ತೆ."

ಎಳೆದ ಬೆಲ್ಟನ್ನ ವಾಪಸ್ ಬಿಟ್ಟೆ. ಪೀಣ್ಯದ ಹತ್ರ ಮುಂದಿದ್ದ ಲಾರಿ ಗಕ್ಕನೆ ನಿಂತಿತು. ಕ್ಯಾಬೂ ನಿಂತಿತು, ನಾನು ನಿಲ್ಲಲಿಲ್ಲ. ಮುಂದಿನ ಸೀಟಿಗೆ ಮುಖ ಬಡಿದು ತುಟಿ ಒಡೀತು.

ಡ್ರೈವರ್ ಹೆಮ್ಮೆಯಿಂದ ತಿರುಗಿದ್ರು: "ನೋಡಿದ್ರಾ, ಹೆಂಗೆ ಕಂಟ್ರೋಲ್ ಮಾಡ್ದೆ!"

"ಥ್ಯಾಂಕ್ಯೂ ಅಣ್ಣ," ಅಂದೆ. ಹಾಸ್ಟೆಲ್ಲಲ್ಲಿ ಬೆಳೆದೋಳು ನಾನು, ಬಾಯಲ್ಲಿ ರಕ್ತ ಬಂದ್ರೂ ವಾರ್ಡನ್ ಕಲಿಸಿದ ಮ್ಯಾನರ್ಸ್ ಬಿಡಲ್ಲ.