ಬಹಳ ಎಚ್ಚರಿಕೆಯಿಂದ ಪರೀಕ್ಷಿಸಿದ್ದೇನೆ

ವಡೋದರಾದ ಮಂಜಲ್‌ಪುರದಲ್ಲಿ ಬಾಡಿಗೆ ಮನೆ ಮಾಡಿಕೊಂಡು ಒಬ್ಬಳೇ ಇದ್ದ ಆ ವರ್ಷಗಳಲ್ಲಿ ನನಗೆ ಎರಡು ಕೆಲಸ. ವಾರವೆಲ್ಲ ಮಕರಪುರದ ಒಂದು ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿ ದುಡಿಮೆ. ಭಾನುವಾರ ಮಾತ್ರ, ಯಾರೂ ಮಾಡು ಎಂದು ಹೇಳದ, ಮಾಡಿದರೂ ಯಾರೂ ಭೇಷ್ ಎನ್ನದ ಇನ್ನೊಂದು ಕೆಲಸ. ಇ-ಮೇಲಿಗೆ ಬೀಗ ಹಾಕಿ ಕಳಿಸುವ ತಂತ್ರಾಂಶವೊಂದಿತ್ತು. ಅದು ಯಾರೊಬ್ಬರ ಸ್ವತ್ತೂ ಅಲ್ಲ. ಅದರ ಕೋಡನ್ನೆಲ್ಲ ಬಯಲಿಗಿಟ್ಟಿದ್ದರು, ಯಾರು ಬೇಕಾದರೂ ಓದಿ ತಪ್ಪು ತಿದ್ದಿ ಕಳಿಸಬಹುದಿತ್ತು. ನಾನೂ ಕಳಿಸುತ್ತಿದ್ದೆ. ನನ್ನ ಮೊದಲ ತಿದ್ದುಪಡಿಗೆ ಬಂದ ಉತ್ತರವೆಂದರೆ, ಹನ್ನೆರಡನೇ ಸಾಲಿನ ಕೊನೆಯಲ್ಲಿ ಒಂದು ಖಾಲಿ ಜಾಗ ಹೆಚ್ಚಾಗಿದೆ ಎಂದು. ತಪ್ಪು ಸರಿಹೋಯಿತೋ ಇಲ್ಲವೋ ಎಂಬ ಬಗ್ಗೆ ಚಕಾರವಿಲ್ಲ.

ಯುರೋಪಿನಲ್ಲಿ ಕೂತ ಒಬ್ಬ ಮಹಾನುಭಾವ ಇದಕ್ಕೆಲ್ಲ ಯಜಮಾನ. ನಾವು ಕಳಿಸಿದ್ದನ್ನು ಅವನು ನೋಡಿ, ಮೂಗು ಮುರಿದು, ಕೊನೆಗೆ ತನ್ನ ಹೆಸರಿನಲ್ಲೇ ಒಳಗೆ ಸೇರಿಸುತ್ತಿದ್ದ. ಕೆಳಗೆ ಒಂದು ಸಾಲು: ‘ಮಿಸ್ಟರ್ ತಿಪಟೂರು ಅವರಿಗೆ ಧನ್ಯವಾದ.’ ಆ ಮಿಸ್ಟರ್ ನಾನೇ. ನನ್ನ ಹೆಸರಿನ ಹಿಂದೆ ಇದ್ದದ್ದು ಟಿ ಎಂಬ ಒಂದೇ ಇನಿಷಿಯಲ್. ಅದನ್ನು ಬಿಡಿಸಿ ಬರೆಯಲೇಬೇಕೆಂದು ಪಾಸ್‌ಪೋರ್ಟಿನವರು ಹಟ ಹಿಡಿದಿದ್ದರಿಂದ ಊರೇ ನನ್ನ ಮನೆತನದ ಹೆಸರಾಗಿ ಹೋಗಿತ್ತು. ಎರಡು ವರ್ಷ ನಾನು ಕಣ್ಣು ಕೆಂಪಾಗಿಸಿಕೊಂಡು ಬರೆದದ್ದಕ್ಕೆಲ್ಲ ಇಡೀ ತಿಪಟೂರಿನ ಗಂಡಸರಿಗೆ ಧನ್ಯವಾದ ಸಲ್ಲುತ್ತಿತ್ತು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಇದಕ್ಕೆ ಇದ್ದದ್ದು ಒಂದೇ ದಾರಿ. ನನ್ನ ಕೋಡನ್ನು ನಾನೇ, ನನ್ನ ಹೆಸರಿನಲ್ಲೇ ಸೇರಿಸುವ ಹಕ್ಕು ಪಡೆಯುವುದು. ಅದಕ್ಕೆ ಬಳಗದ ಹಳೇ ಸದಸ್ಯರಿಬ್ಬರು ನನ್ನನ್ನು ಎದುರೆದುರು ನೋಡಿ ನನ್ನ ಕೀಲಿಗೆ ಸಹಿ ಹಾಕಬೇಕಿತ್ತು. ಕೀಲಿ ಎಂದರೆ ಕಬ್ಬಿಣದ್ದಲ್ಲ, ಕಂಪ್ಯೂಟರಿನಲ್ಲಿರುವ ಒಂದು ದೊಡ್ಡ ಸಂಖ್ಯೆ. ಅದರ ಗುರುತಿಗೆ ಅಂಕಿ ಅಕ್ಷರ ಬೆರೆಸಿದ ನಲವತ್ತು ಚಿಹ್ನೆಗಳ ಒಂದು ಸಾಲು. ನಾನು ಚೀಟಿಯಲ್ಲಿ ಬರೆದು ಕೊಟ್ಟ ಸಾಲಿಗೂ ಕಂಪ್ಯೂಟರ್ ತೋರಿಸುವ ಸಾಲಿಗೂ ತಾಳೆಯಾದರೆ ಮಾತ್ರ ಸಹಿ. ಉತ್ತರಾಯಣದ, ಅಂದರೆ ಸಂಕ್ರಾಂತಿಯ ಗಾಳಿಪಟದ ಹಬ್ಬದ, ಹೊತ್ತಿಗೆ ಹೊಸ ಆವೃತ್ತಿ ಬರುವುದರಲ್ಲಿತ್ತು. ಅದರಲ್ಲಿ ನನ್ನ ಹೆಸರು ಇರಲೇಬೇಕೆಂದು ದೀಪಾವಳಿ ಮುಗಿದ ಕೂಡಲೇ ಹೊರಟೆ.

ಮೊದಲು ಸೂರತ್. ಅಲ್ಲಿ ಬಳಗದವರೊಬ್ಬರು, ಕಾಲೇಜಿನ ಗುಜರಾತಿ ಮೇಷ್ಟ್ರು. ಮನೆಗೆ ಕರೆಯಲಿಲ್ಲ, ಸ್ಟೇಷನ್ನಿಗೇ ಬಂದರು. ಪಾಸ್‌ಪೋರ್ಟನ್ನು ಬೆಳಕಿಗೆ ಹಿಡಿದರು. ಕನ್ನಡಕ ತೆಗೆಯಿರಿ ಎಂದರು. ಕೀಲಿಯ ಮೇಲೂ ಪಾಸ್‌ಪೋರ್ಟಿನ ಮೇಲೂ ಹೆಸರು ಒಂದೇ ಥರ ಇರಬೇಕೆಂದು ಮೊದಲೇ ತಾಕೀತು ಮಾಡಿ ನನ್ನಿಂದ ಹೊಸ ಕೀಲಿಯನ್ನೇ ಮಾಡಿಸಿದ್ದರು. ಈಗ ನಲವತ್ತನ್ನೂ ಒಂದೊಂದಾಗಿ ಗಟ್ಟಿಯಾಗಿ ಓದಿಸಿದರು. ಎ ಎಂದರೆ ಅಹಮದಾಬಾದ್, ಬಿ ಎಂದರೆ ಬರೋಡಾ, ಡಿ ಎಂದರೆ ದಾಹೋದ್. ಪ್ಲಾಟ್‌ಫಾರ್ಮಿನ ಜನವೆಲ್ಲ ಇದ್ಯಾವ ಗಾಡಿಯ ಪ್ರಕಟಣೆ ಎಂದು ತಿರುಗಿ ನೋಡಿದರು. ಒಂದು ಚಾ ಕುಡಿಯುತ್ತೀರಾ ಎಂದು ಕೂಡ ಕೇಳದೆ ಚೀಟಿ ಜೇಬಿಗಿಟ್ಟು ಹೊರಟೇಬಿಟ್ಟರು. ವಡೋದರಾ ಬರುವವರೆಗೂ ನಾನು ಆ ಮನುಷ್ಯನನ್ನು ಮನಸ್ಸಿನಲ್ಲೇ ಬೈದುಕೊಂಡೆ.

ಮುಂದಿನ ಭಾನುವಾರ ಅಹಮದಾಬಾದಿನ ಚಾಂದ್‌ಖೇಡಾ. ಇಲ್ಲಿನವರು ಕನ್ನಡದವರು, ಬ್ಯಾಂಕಿನ ಕಂಪ್ಯೂಟರ್ ವಿಭಾಗಕ್ಕೆ ವರ್ಗವಾಗಿ ಸಂಸಾರಸಮೇತ ಬಂದವರು. ಬಾಗಿಲು ತೆರೆದು ನನ್ನ ಬೆನ್ನ ಹಿಂದೆ ಇಣುಕಿದರು.

“ಅವರು ಬರ್ಲಿಲ್ವಾ?”

“ಯಾರು ಸಾರ್?”

“ಅದೇ, ಕೋಡ್ ಬರೆಯೋರು.”

ನಾನೇ ಎಂದೆ. ಇನ್ನೊಮ್ಮೆ ನನ್ನ ಹಿಂದೆ ಇಣುಕಿದರು. ಆಮೇಲೆ ಒಳಗೆ ಕರೆದು ಕೂರಿಸಿ ಯಾವೂರು ಎಂದು ಕೇಳಿದರು. ತಿಪಟೂರು ಎಂದದ್ದೇ ತಡ, ಮುಖ ಊರಗಲವಾಯಿತು. ಅವರದು ಪಕ್ಕದ ತುರುವೇಕೆರೆಯಂತೆ. “ತಿಪಟೂರಲ್ಲಿ ಯಾರ ಪೈಕಿ?” ಎಂದರು. ಅಲ್ಲಿಂದ ಶುರುವಾಯಿತು ನೋಡಿ ನಿಜವಾದ ತಪಾಸಣೆ. ಅಜ್ಜ ಯಾರು, ಅಜ್ಜಿಯ ತವರು ಯಾವುದು, ಕೆರೆ ಏರಿಯ ಮೇಲೆ ಕೊಬ್ಬರಿ ಮಂಡಿ ಇಟ್ಟಿದ್ದವರು ನಮಗೆ ಏನಾಗಬೇಕು. ಕೊನೆಗೆ ಅವರ ಹೆಂಡತಿ ಅಡುಗೆಮನೆಯಿಂದಲೇ ನನ್ನ ದೊಡ್ಡತ್ತೆಯ ಓರಗಿತ್ತಿಯನ್ನು ಪತ್ತೆ ಹಚ್ಚಿದರು. ಅಷ್ಟಕ್ಕೆ ನಾನು ನಾನೇ ಎಂದು ಸಾಬೀತಾಯಿತು.

ಪಾಸ್‌ಪೋರ್ಟ್ ತೆಗೆಯಲು ಹೋದರೆ ಕೈ ಅಡ್ಡ ಹಿಡಿದರು. “ಬಿಡೀಮ್ಮಾ, ನಮ್ಮ ಕಡೆಯೋರ ಹತ್ರ ಅದೆಲ್ಲ ನೋಡ್ತಾ ಕೂರೋಕಾಗುತ್ತಾ?” ಎಂದರು. ನನ್ನ ನಲವತ್ತು ಅಕ್ಷರದ ಚೀಟಿಯನ್ನು ಟೀವಿಯ ಮೇಲಿಟ್ಟರು. ತಮ್ಮದೊಂದು ಚೀಟಿಯನ್ನು ಮಡಿಸಿ ನನಗೆ ಕೊಟ್ಟರು, ನಾನೂ ಅವರ ಕೀಲಿಗೆ ಸಹಿ ಹಾಕಬೇಕಿತ್ತಲ್ಲ. ಅವರೆಕಾಳಿನ ಬದಲು ಅಲ್ಲಿನ ಸುರತಿ ಪಾಪಡಿ ಕಾಯಿ ಹಾಕಿ ಮಾಡಿದ ಹುಳಿ, ಅನ್ನ, ಮಜ್ಜಿಗೆ. ಹೊರಡುವಾಗ ಒಂದು ಡಬ್ಬಿ ಚಟ್ನಿಪುಡಿ. ಜನ ಎಂದರೆ ಇವರಪ್ಪಾ, ಆ ಸೂರತ್ತಿನ ಒಣಕಲು ಮೇಷ್ಟ್ರೂ ಇದ್ದಾರೆ ಒಬ್ಬರು ಎಂದುಕೊಂಡು ರೈಲು ಹತ್ತಿದೆ.

ಸಹಿ ಹಾಕುವ ಮುಂಚೆ ತಂತ್ರಾಂಶ ಒಂದು ಪ್ರಶ್ನೆ ಕೇಳುತ್ತಿತ್ತು: ಈ ಕೀಲಿ ಇವರದೇ ಎಂದು ಎಷ್ಟು ಎಚ್ಚರಿಕೆಯಿಂದ ಪರೀಕ್ಷಿಸಿದ್ದೀರಿ? ಒಂದು ಒತ್ತಿದರೆ ಪರೀಕ್ಷಿಸಿಯೇ ಇಲ್ಲ. ಎರಡು ಒತ್ತಿದರೆ ಸುಮಾರಾಗಿ. ಮೂರು ಎಂದರೆ ಬಹಳ ಎಚ್ಚರಿಕೆಯಿಂದ. ನಮ್ಮ ತುರುವೇಕೆರೆಯವರು ಧಾರಾಳವಾಗಿ ಮೂರು ಒತ್ತಿದ್ದರು.

ಡಿಸೆಂಬರಿನಲ್ಲಿ ಯಜಮಾನನ ಪತ್ರ ಬಂತು. ಮಿಸ್ಟರ್ ತಿಪಟೂರು, ನಿಮ್ಮ ಕೀಲಿಯ ಮೇಲೆ ಇರುವುದು ಒಂದೇ ಸಹಿ, ಸೂರತ್ತಿನದು. ಅಹಮದಾಬಾದಿನ ಸಹಿ ಬೇರೊಂದು ಕೀಲಿಯ ಮೇಲಿದೆ, ಹಕ್ಕು ಕೊಡಲು ಬರುವುದಿಲ್ಲ ಎಂದು. ತೆಗೆದು ನೋಡಿದರೆ ನಿಜ. ಇದೇ ವಡೋದರಾದ ಫತೇಗಂಜಿನ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಾಗ ಚಪಲಕ್ಕೆ ಒಂದು ಕೀಲಿ ಮಾಡಿ, ಎಲ್ಲರ ಕೀಲಿಗಳನ್ನೂ ಬಯಲಿಗಿಡುವ ಕಡತಕ್ಕೆ ಸೇರಿಸಿ ಮರೆತಿದ್ದೆ. ಅದರ ಮೇಲೆ ಬರೀ ಇನಿಷಿಯಲ್ ಇತ್ತು. ಆ ಕಡತದಲ್ಲಿ ಇನಿಷಿಯಲ್ ಕಂಡದ್ದೇ ನಮ್ಮ ಕಡೆಯದು ಎಂದು ಅದಕ್ಕೇ ಸಹಿ ಜಡಿದಿದ್ದರು. ಚೀಟಿ ಟೀವಿಯ ಮೇಲೇ ಉಳಿದಿತ್ತು.

ಆ ಹಳೇ ಕೀಲಿಯನ್ನೇ ತೆರೆದು, ಪಾಸ್‌ಪೋರ್ಟಿನ ಹೆಸರು ಸೇರಿಸಿ, ಸೂರತ್ತಿನವರ ಸಹಿಯನ್ನು ಅದಕ್ಕೇ ಮತ್ತೆ ಕೇಳೋಣವೆಂದರೆ ಅದರ ಗುಪ್ತಪದ ಮರೆತಿತ್ತು. ‘ಹಾಳಾಗಿಹೋಗಲಿ’ ಎಂದು ಇಟ್ಟ ನೆನಪು ಮಾತ್ರ ಇತ್ತು. ಅದನ್ನು ಇಂಗ್ಲಿಷ್ ಅಕ್ಷರದಲ್ಲಿ ಎಷ್ಟು ಎ ಹಾಕಿ, ಎಲ್ಲಿ ಎಚ್ ಹಾಕಿ ಬರೆದಿದ್ದೆನೋ ದೇವರಿಗೇ ಗೊತ್ತು. ಒಂದು ಇಡೀ ಭಾನುವಾರ ಥರಾವರಿ ಹಾಳಾಗಿಹೋಗಲಿ ಬರೆದೆ. ಬೀಗ ಅಲುಗಲಿಲ್ಲ.

ಚಾಂದ್‌ಖೇಡಾಕ್ಕೆ ಫೋನ್ ಮಾಡಿದೆ. “ಎರಡೂ ನೀವೇ ತಾನೇ? ಯಾವುದಕ್ಕೆ ಹಾಕಿದ್ರೇನಮ್ಮಾ?” ಎಂದು ನಕ್ಕರು. ಮಾರನೇ ದಿನವೇ ರಜೆ ಹಾಕಿ ಊರಿಗೆ ಹೊರಟಿದ್ದರು, ಬಂದಮೇಲೆ ನೋಡೋಣ ಎಂದರು. ಅಲ್ಲಿಗೆ ಹೊಸ ಆವೃತ್ತಿಯಲ್ಲಿ ನನ್ನ ಹೆಸರು ಬರುವ ಮಾತು ಮುಗಿಯಿತು. ಅಳು ಬಂತು, ಅತ್ತೆ.

ಅತ್ತು ಮುಗಿಸಿ, ಅವರ ಬೇಜವಾಬ್ದಾರಿಯನ್ನು ಜಗಜ್ಜಾಹೀರು ಮಾಡಬೇಕೆಂದು ಪಟ್ಟಾಗಿ ಕೂತೆ. ಬಳಗಕ್ಕೆ ಬರೆಯುವ ದೂರಿನಲ್ಲಿ ಅವರ ಕೀಲಿಯ ಗುರುತು ಹಾಕಲು, ಅವರು ಕೊಟ್ಟಿದ್ದ ಚೀಟಿ ಎಲ್ಲಿ ಎಂದು ಹುಡುಕಿದೆ. ಚಟ್ನಿಪುಡಿಯ ಡಬ್ಬಿಗೆ ಸುತ್ತಿದ್ದ ಕಾಗದದ ಮಡಿಕೆಯಲ್ಲಿ ಸಿಕ್ಕಿತು. ಮಡಿಸಿದ್ದು ಮಡಿಸಿದ ಹಾಗೇ ಇತ್ತು. ಒಮ್ಮೆಯೂ ಬಿಡಿಸಿರಲಿಲ್ಲ. ಆದರೆ ಅವರ ಕೀಲಿಗೆ ನಾನು ಸಹಿ ಹಾಕಿ ತಿಂಗಳಾಗಿತ್ತು. ಹಾಕುವಾಗ ಒತ್ತಿದ್ದು ಮೂರು. ಸೂರತ್ತಿನ ಮೇಷ್ಟ್ರ ಮುಖ ನೆನಪಾಗಿ ನಾಚಿಕೆಯಾಯಿತು.

ಆ ನಾಚಿಕೆಯಲ್ಲೇ ಒಂದು ತಿದ್ದುಪಡಿ ಬರೆದೆ. ಇನ್ನು ಮೇಲೆ ಬರೀ ಮೂರು ಒತ್ತಿದರೆ ಸಾಲದು. ಚೀಟಿ ನೋಡಿ ಕೊನೆಯ ಎಂಟು ಅಕ್ಷರಗಳನ್ನು ಸಹಿ ಹಾಕುವವರೇ ಟೈಪ್ ಮಾಡಬೇಕು, ಇಲ್ಲದಿದ್ದರೆ ತಂತ್ರಾಂಶ ಮುಂದಕ್ಕೆ ಬಿಡುವುದಿಲ್ಲ. ಇದು ಜನರಿಗೆ ಕಿರಿಕಿರಿ ಎಂದು ಬಳಗದಲ್ಲಿ ಎರಡು ವಾರ ಜಗಳ ನಡೆಯಿತು. ಸಾಲಿನ ಕೊನೆಯ ಖಾಲಿ ಜಾಗದ ವಿಷಯವೂ ಬಂತು. ಕೊನೆಗೆ ಯಜಮಾನ ಒಪ್ಪಿ, ಎಂದಿನಂತೆ ತನ್ನ ಹೆಸರಿನಲ್ಲೇ ಸೇರಿಸಿದ. ಹೊಸ ಆವೃತ್ತಿ ಹೊರಬಿತ್ತು.

ಗಾಳಿಪಟದ ಗಲಾಟೆ ಮುಗಿದ ವಾರ ಚಾಂದ್‌ಖೇಡಾದಿಂದ ಫೋನ್ ಬಂತು. ನನ್ನ ಸರಿಯಾದ ಕೀಲಿಗೆ ಸಹಿ ಹಾಕಲು ಕೂತಿದ್ದರು.

“ಏನಮ್ಮಾ ಇದು? ಕೊನೇ ಎಂಟಕ್ಷರ ಕೊಡೋವರ್ಗೂ ಬಿಡಲ್ಲ ಅಂತಿದೆ. ನಿಮ್ಮ ಚೀಟಿ ಬೇರೆ ಎಲ್ಹೋಯ್ತೋ. ಯಾರು ಈ ತಲೆಹರಟೆ ಮಾಡಿದ್ದು?”

ನನ್ನ ಎರಡು ವರ್ಷದ ಆಸೆ ಅವರ ಬೆರಳ ತುದಿಯಲ್ಲಿತ್ತು. ಈಗ ಸಿಟ್ಟು ಬಂದರೆ ಎದ್ದು ಹೋಗಿಬಿಡುವ ಮನುಷ್ಯ. ಹೊಸ ಆವೃತ್ತಿಯ ಬದಲಾವಣೆಗಳ ಪಟ್ಟಿಯಲ್ಲಿ ಹೆಸರಿದೆ ನೋಡಿ ಸಾರ್, ಯಾರೋ ಯುರೋಪಿನವರು ಎಂದೆ.

“ನೋಡ್ದೆ. ಕೆಳಗೆ ಮಿಸ್ಟರ್ ತಿಪಟೂರು ಅಂತ ಒಬ್ರಿಗೆ ಥ್ಯಾಂಕ್ಸ್ ಬೇರೆ ಹೇಳಿದಾರೆ. ನಿಮ್ಮೂರೋರೇ ಇರ್ಬೇಕಲ್ಲ. ಯಾರ ಪೈಕಿ?”

ಅವರ ಕಣ್ಣೆದುರಿಗಿದ್ದ ಕೀಲಿಯ ಮೇಲೆ, ನನ್ನ ಹೆಸರಿನ ಪಕ್ಕದಲ್ಲೇ, ಅದೇ ಊರಿನ ಹೆಸರು ಇತ್ತು.

“ಗೊತ್ತಿಲ್ಲ ಸಾರ್, ನಾನು ಅವರನ್ನ ನೋಡಿಲ್ಲ. ಬರ್ಕೊಳ್ಳಿ. ಮೊದಲ್ನೇದು ಬಿ. ಬಿ ಅಂದ್ರೆ ಬರೋಡಾ.”