ಕಾಕಾನ ಕಾಲಿಗಿಟ್ಟ ನೀರು

ಮಾಹಿಮ್‌ನ ಸಮುದ್ರದಂಚಿನಲ್ಲಿ, ಒಂದು ಕಾಲಕ್ಕೆ ಸಿಪಾಯಿಗಳಿದ್ದ ಕೋಟೆಯೊಳಗೆ, ಗೋಡೆಗೆ ಆನಿಸಿ ಕಟ್ಟಿದ ತಗಡಿನ ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ. ಊರಿಗೆ ಕಳಿಸಿದ ಫೋಟೋದಲ್ಲಿ ಮಾತ್ರ ಬರೀ ಕಲ್ಲಿನ ಹೆಬ್ಬಾಗಿಲಿತ್ತು. ನಮ್ಮ ಹುಡುಗ ಮುಂಬೈಯಲ್ಲಿ ಕೋಟೆಯಲ್ಲೇ ಇರುತ್ತಾನೆಂದು ಕಾಕಾ ವಿಜಯಪುರದ ತುಂಬ ಹೇಳಿಕೊಂಡು ತಿರುಗಿದ. ಕೊನೆಗೆ ನೋಡಲು ಹೊರಟೇಬಿಟ್ಟ.

ಕೋಣೆಯ ಒಡತಿ ನಮ್ಮ ಸಿಂದಗಿ ಕಡೆಯವಳು; ಚಿಕ್ಕಮ್ಮನೆಂಬಂತೆ ಅವಳನ್ನು ಮೌಶಿ ಎಂದೇ ಕರೆಯುತ್ತಿದ್ದೆ. "ಕಾಕಾ ಬರ್ತಾನ ಅಂದ್ರ ಕಾಲಿಗೆ ನೀರು ಕೊಡಬೇಕಲ್ಲೋ," ಎಂದಳು. ಕೋಟೆಯಲ್ಲಿ ನಮಗೆ ನಲ್ಲಿಯಿರಲಿಲ್ಲ. ರಸ್ತೆಯಾಚೆಯಿಂದ ಕೊಡ ಹೊತ್ತು ತರಬೇಕಿತ್ತು.

ನಾನು ಕಾಕಾನನ್ನು ಸ್ಟೇಷನ್ನಿನಿಂದ ನೇರವಾಗಿ ಆಂಟಾಪ್ ಹಿಲ್‌ನ ಗೆಳೆಯನ ಫ್ಲ್ಯಾಟಿಗೆ ಕರೆದೊಯ್ದೆ. ಕೋಟೆಯಲ್ಲಿ ರಿಪೇರಿ ನಡೆದಿದೆ, ಹೊರಗಿನವರನ್ನು ಬಿಡುವುದಿಲ್ಲ ಎಂದೆ. ಪಾಪ, ನಂಬಿದ. ಮಾಟುಂಗದಲ್ಲಿ ದೋಸೆ ತಿನ್ನಿಸಿ ಸಂಜೆಯ ಗಾಡಿ ಹತ್ತಿಸಿದೆ. ನನ್ನ ಜಂಬಕ್ಕೆ ಬೆಂಕಿ ಬೀಳಲಿ.

ತಿರುಗಿ ಬಂದರೆ ನನ್ನ ಬಾಗಿಲ ಬಳಿ ತುಂಬಿದ ಕೊಡ, ಅದರ ಮೇಲೆ ತಟ್ಟೆ, ತಟ್ಟೆಯ ಮೇಲೆ ಒಗೆದು ಮಡಚಿದ ಟವೆಲು. ಪಕ್ಕದಲ್ಲೇ ಮೌಶಿ ಕೂತಿದ್ದಳು.

"ಕಾಕಾ ಎಲ್ಲೋ?"

"ಆರಾಮಿಲ್ಲಂತ ಮೌಶಿ, ಊರಿಂದ ಹೊರಡಲೇ ಇಲ್ಲ."

ಅವಳು ನನ್ನ ಕೈ ನೋಡಿದಳು. ಕಾಕಾ ಊರಿನಿಂದ ಹೊತ್ತು ತಂದು, ನಿಮ್ಮ ಮೌಶಿಗೆ ಕೊಡು ಎಂದಿದ್ದ ಸಜ್ಜೆ ರೊಟ್ಟಿಯ ಗಂಟು ಅದರಲ್ಲೇ ಇತ್ತು. ನನಗೆ ಅದರ ನೆನಪೇ ಇರಲಿಲ್ಲ.

ಮೌಶಿ ತಟ್ಟೆ, ಟವೆಲು ಪಕ್ಕಕ್ಕಿಟ್ಟು ಎದ್ದಳು. ಕೊಡ ಎತ್ತಿಕೊಂಡು ನನ್ನ ಮುಂದೆ ಬಗ್ಗಿದಳು.

"ಕಾಲು ಮುಂದ ಮಾಡು. ನೀನೂ ಭಾಳ ದೂರದಿಂದ ಬಂದೀಯಲ್ಲ," ಎಂದು ನೀರು ಸುರಿದಳು.